ಎಕ್ಸ್-ರೇ ನಾರ್ಮಲ್, ಆದರೆ ಸ್ಕ್ಯಾನ್‌ನಲ್ಲಿ ಏನೋ ಇದೆಯಂತೆ. ಮಗಳ ಮೊಣಕೈಗೆ ಕಟ್ಟು ಬೇಕಾ?

ಜಯನಗರದ ಅಮ್ಮ

ಎಲ್ಲರಿಗೂ ನಮಸ್ಕಾರ. ನಿನ್ನೆ ಸಂಜೆಯಿಂದ ಮನೆಯಲ್ಲಿ ಯಾರಿಗೂ ನೆಮ್ಮದಿ ಇಲ್ಲ. ಗೊತ್ತಿರುವವರು ದಯವಿಟ್ಟು ಹೇಳಿ.

ಮಗಳಿಗೆ ಆರು ವರ್ಷ. ಪಾರ್ಕಿನಲ್ಲಿ ಮಕ್ಕಳು ಜೋತಾಡುವ ಕಂಬಿ ಇದೆಯಲ್ಲ, ಅದರಿಂದ ಕೈ ಜಾರಿ ಬಿದ್ದಳು. ಅಂಗೈ ಊರಿಕೊಂಡು ಬಿದ್ದದ್ದು, ನೋವು ಮಾತ್ರ ಮೊಣಕೈಯಲ್ಲಿ. ಕೈಯನ್ನು ಹೊಟ್ಟೆಗೆ ಒತ್ತಿ ಹಿಡಿದುಕೊಂಡಿದ್ದಳು, ಯಾರಿಗೂ ಮುಟ್ಟಲು ಬಿಡಲಿಲ್ಲ. ಆಟೋ ಹಿಡಿದು ಹತ್ತಿರದ ಆಸ್ಪತ್ರೆಯ ಎಮರ್ಜೆನ್ಸಿಗೆ ಓಡಿದೆವು.

ಡ್ಯೂಟಿ ಡಾಕ್ಟರ್ ಮೊದಲು ನೋವಿಗೆ ಸಿರಪ್ ಕೊಟ್ಟರು, ಆಮೇಲೆ ಎಕ್ಸ್-ರೇ ತೆಗೆಸಿದರು. ಫಿಲಂ ನೋಡಿ "ಮುರಿತ ಕಾಣಿಸ್ತಿಲ್ಲ" ಅಂದರು. ನಮಗೆ ಉಸಿರು ಬಂತು. ಆದರೆ ಅವರು ಅಲ್ಲಿಗೇ ಬಿಡಲಿಲ್ಲ. ಗರ್ಭಿಣಿಯರಿಗೆ ಸ್ಕ್ಯಾನಿಂಗ್ ಮಾಡುತ್ತಾರಲ್ಲ, ಅಂಥದ್ದೇ ಒಂದು ಮೆಷಿನ್ ತಳ್ಳಿಕೊಂಡು ಬಂದು ಮೊಣಕೈ ಹಿಂದೆ ಜೆಲ್ ಹಚ್ಚಿ ನೋಡಿದರು. ಮೊದಲು ಚೆನ್ನಾಗಿರುವ ಕೈ, ಆಮೇಲೆ ಪೆಟ್ಟಾದ ಕೈ. ಎರಡು ನಿಮಿಷವೂ ಆಗಲಿಲ್ಲ. "ಒಳಗೆ ರಕ್ತ ತುಂಬಿ ಕೊಬ್ಬು ಮೇಲೆ ಎದ್ದಿದೆ. ಸಣ್ಣ ಬಿರುಕು ಇರಬಹುದು" ಅಂದು ಅರ್ಧ ಕಟ್ಟು ಹಾಕಿ, ಕುತ್ತಿಗೆಗೆ ಜೋಳಿಗೆ ಹಾಕಿ ಕಳಿಸಿದರು. ಎರಡು ವಾರ ಬಿಟ್ಟು ಮತ್ತೆ ಎಕ್ಸ್-ರೇ ಅಂತೆ.

ಈಗ ಮನೆಯಲ್ಲಿ ಎರಡು ಪಕ್ಷ. ಎಕ್ಸ್-ರೇಯಲ್ಲೇ ಇಲ್ಲದ್ದು ಸ್ಕ್ಯಾನ್‌ನಲ್ಲಿ ಹೇಗೆ ಬಂತು ಅಂತ ನಮ್ಮ ಮಾವ ಕೇಳುತ್ತಾರೆ. ಪಕ್ಕದ ಮನೆಯವರು ಬರೀ ಉಳುಕು, ಎಣ್ಣೆ ಹಾಕಿ ನೀವಿದರೆ ಮೂರು ದಿನದಲ್ಲಿ ಸರಿಹೋಗುತ್ತೆ ಅನ್ನುತ್ತಾರೆ. ಕಟ್ಟು ಬಿಚ್ಚಿಬಿಡಲಾ?

ರಾತ್ರಿ ಪಾಳಿ

ಬಿಚ್ಚಬೇಡಿ ಮೇಡಂ. ನೀವಿಸಲೂ ಬೇಡಿ. ಮೊದಲು ಇಷ್ಟು ಹೇಳಿ, ವಿವರ ಆಮೇಲೆ ಬರೆಯುತ್ತೇನೆ. ಬೆರಳುಗಳು ಬೆಚ್ಚಗಿವೆಯಾ? ಕೆಂಪಗಿವೆಯಾ? ಐದೂ ಬೆರಳು ಆಡಿಸುತ್ತಾಳಾ? ನೀವು ಬೆರಳನ್ನು ಮೆಲ್ಲಗೆ ನೆಟ್ಟಗೆ ಮಾಡಿದರೆ ಜೋರಾಗಿ ಕಿರುಚುತ್ತಾಳಾ?

ಜಯನಗರದ ಅಮ್ಮ

ಬೆಚ್ಚಗಿವೆ ಸರ್. ಬೆರಳು ಆಡಿಸುತ್ತಾಳೆ. ಕಿರುಚಲ್ಲ. ರಾತ್ರಿ ಒಂದೆರಡು ಸಲ ಎದ್ದಳು ಅಷ್ಟೆ.

ರಾತ್ರಿ ಪಾಳಿ

ಒಳ್ಳೆಯದು. ಈಗ ಸಮಾಧಾನವಾಗಿ ಹೇಳುತ್ತೇನೆ. ನಾನು ಬೆಂಗಳೂರಿನ ಒಂದು ಎಮರ್ಜೆನ್ಸಿಯಲ್ಲಿ ಕೆಲಸ ಮಾಡುವ ಡಾಕ್ಟರ್. ಈ ಮೊಣಕೈ ಸ್ಕ್ಯಾನ್, ಅಂದರೆ ಅಲ್ಟ್ರಾಸೌಂಡ್, ದಿನವೂ ಮಾಡುತ್ತೇನೆ.

ಮಾವನವರ ಪ್ರಶ್ನೆ ಸರಿಯಾಗಿದೆ. ಸ್ಕ್ಯಾನ್‌ನಲ್ಲಿ ನಾವು ಹೆಚ್ಚಾಗಿ ಹುಡುಕುವುದು ಬಿರುಕನ್ನಲ್ಲ, ಬಿರುಕಿನ ಗುರುತನ್ನು. ತೋಳಿನ ಮೂಳೆಯ ಕೆಳತುದಿಯಲ್ಲಿ, ಹಿಂಬದಿಗೆ, ಒಂದು ಗುಳಿ ಇದೆ. ಕೈ ಚಾಚಿದಾಗ ಮೊಣಕೈಯ ಚೂಪು ಮೂಳೆ ಬಂದು ಕೂರುವ ಜಾಗ ಅದು. ಆ ಗುಳಿಯಲ್ಲಿ ಒಂದು ಚೂರು ಕೊಬ್ಬು ಇರುತ್ತದೆ. ಕೈ ಚೆನ್ನಾಗಿದ್ದರೆ ಅದು ಬಟ್ಟಲಿನ ತಳದಲ್ಲಿ ಕೂತ ಬೆಣ್ಣೆಯ ಹಾಗೆ ಒಳಗೇ ಇರುತ್ತದೆ, ಬಟ್ಟಲಿನ ಅಂಚು ದಾಟಲ್ಲ. ಕೀಲಿನ ಒಳಗೆ ಎಲ್ಲಿ ಮೂಳೆ ಬಿರಿದರೂ ರಕ್ತ ಒಸರಿ ಕೀಲು ತುಂಬುತ್ತದೆ. ಆ ರಕ್ತ ಕೊಬ್ಬನ್ನು ಮೇಲಕ್ಕೆ ಎತ್ತುತ್ತದೆ. ತೆರೆಯ ಮೇಲೆ ಕೊಬ್ಬು ಅಂಚು ದಾಟಿ ಉಬ್ಬಿರುವುದು, ಅದರ ಕೆಳಗೆ ಕಪ್ಪಗೆ ರಕ್ತ ನಿಂತಿರುವುದು ಕಾಣುತ್ತದೆ. ಕೆಲವು ಸಲ ಮೂಳೆಯೊಳಗಿನ ಜಿಡ್ಡೂ ಹೊರಗೆ ಬಂದು, ಸಾರಿನ ಮೇಲೆ ತುಪ್ಪ ತೇಲುವ ಹಾಗೆ ರಕ್ತದ ಮೇಲೆ ಪದರವಾಗಿ ನಿಲ್ಲುತ್ತದೆ. ಅದು ಕಂಡರೆ ಅನುಮಾನವೇ ಉಳಿಯಲ್ಲ.

ಎಕ್ಸ್-ರೇಯಲ್ಲೂ ಈ ಕೊಬ್ಬು ಎದ್ದದ್ದು ಕಾಣಬಹುದು, ಸೈಡ್ ಫಿಲಂ ಸರಿಯಾಗಿ ಬಂದಿದ್ದರೆ. ಬಿರುಕು ಮಾತ್ರ ಕಾಣದೆ ಹೋಗಬಹುದು. ಯಾಕೆಂದರೆ ಆರು ವರ್ಷದ ಮಗುವಿನ ಮೊಣಕೈಯಲ್ಲಿ ಇನ್ನೂ ಅರ್ಧ ಭಾಗ ಮೂಳೆಯೇ ಆಗಿರಲ್ಲ, ಮೃದ್ವಸ್ಥಿ. ಕಿವಿಯ ತುದಿ ಇದೆಯಲ್ಲ, ಹಾಗೆ. ಮೊಣಕೈಯಲ್ಲಿ ಆರು ಕಡೆ ಮೂಳೆ ಹುಟ್ಟಬೇಕು. ಮೊದಲನೆಯದು ಸುಮಾರು 1 ವರ್ಷಕ್ಕೆ ಕಾಣುತ್ತದೆ, ಕೊನೆಯದು ಸುಮಾರು 11ಕ್ಕೆ. ಅಲ್ಲಿಯವರೆಗೆ ಎಕ್ಸ್-ರೇಗೆ ಆ ಜಾಗವೆಲ್ಲ ಖಾಲಿ.

1999ರಲ್ಲಿ ಪ್ರಕಟವಾದ ಒಂದು ಅಧ್ಯಯನ ನಮಗೆಲ್ಲ ಪಾಠ. 45 ಮಕ್ಕಳು, ಎಲ್ಲರಿಗೂ ಎಕ್ಸ್-ರೇಯಲ್ಲಿ ಹಿಂಬದಿ ಕೊಬ್ಬು ಎದ್ದಿತ್ತು, ಬೇರೆ ಯಾವ ಮುರಿತವೂ ಕಂಡಿರಲಿಲ್ಲ. ಕೆಲವು ವಾರ ಬಿಟ್ಟು ಮತ್ತೆ ಎಕ್ಸ್-ರೇ ತೆಗೆದರೆ 34 ಮಕ್ಕಳಲ್ಲಿ ಮುರಿತ ವಾಸಿಯಾಗುತ್ತಿರುವ ಗುರುತು ಸಿಕ್ಕಿತು. ಅಂದರೆ ನಾಲ್ಕರಲ್ಲಿ ಮೂವರು. ನಿಮ್ಮ ಡಾಕ್ಟರ್ ಕಟ್ಟು ಹಾಕಿದ್ದು ಅದಕ್ಕೇ.

ಕತ್ರಿಗುಪ್ಪೆ ಮಾಮ

ಅಮ್ಮಾ, ನಾನು ಡಾಕ್ಟರ್ ಅಲ್ಲ. ಆದರೆ ಆ ಎಣ್ಣೆ ನೀವುವ ಮಾತಿಗೆ ಬರೆಯದೆ ಇರಲು ಆಗಲಿಲ್ಲ.

ನನ್ನ ತಮ್ಮ ಎಂಟು ವರ್ಷದವನಿದ್ದಾಗ ಊರಲ್ಲಿ ಹುಣಸೆ ಮರದಿಂದ ಬಿದ್ದ. ಇದೇ ಮೊಣಕೈ. ಮೂಳೆ ಕಟ್ಟುವ ಒಬ್ಬರ ಹತ್ತಿರ ಕರೆದುಕೊಂಡು ಹೋದರು. ಜಗ್ಗಿ, ನೀವಿ, ಮೊಟ್ಟೆಯ ಬಿಳಿ ಹಚ್ಚಿ, ಬಿದಿರು ದಬ್ಬೆ ಇಟ್ಟು ಬಿಗಿಯಾಗಿ ಸುತ್ತಿದರು. ರಾತ್ರಿಯೆಲ್ಲ ಅತ್ತ. ಹೊಸ ಕಟ್ಟು, ನೋವು ಇರುತ್ತೆ ಅಂತ ಅಪ್ಪ ಸುಮ್ಮನಾದರು. ಬೆಳಗ್ಗೆ ಬೆರಳು ನೇರಳೆ ಹಣ್ಣಿನ ಬಣ್ಣ. ಮೂರನೇ ದಿನ ಬಿಚ್ಚಿದೆವು. ಅಷ್ಟರಲ್ಲಿ ಎಲ್ಲ ಮುಗಿದಿತ್ತು.

ಅವನಿಗೆ ಈಗ ನಲವತ್ತು ದಾಟಿದೆ. ಬಲಗೈ ಬೆರಳು ಮಡಚಿಕೊಂಡೇ ಇವೆ, ಬಿಚ್ಚಲು ಬರಲ್ಲ. ಕಾಫಿ ಲೋಟವನ್ನು ಎಡಗೈಯಲ್ಲಿ ಹಿಡಿದು ಬಲ ಮಣಿಕಟ್ಟನ್ನು ಆಸರೆ ಕೊಡುತ್ತಾನೆ. ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ. ಯಾರೂ ಕೆಟ್ಟದ್ದು ಮಾಡಬೇಕು ಅಂತ ಮಾಡಿದ್ದಲ್ಲ. ನಮಗೆ ಗೊತ್ತಿರಲಿಲ್ಲ, ಅಷ್ಟೆ.

ಮೂಳೆ ಡಾಕ್ಟರ್

ಕತ್ರಿಗುಪ್ಪೆಯವರೇ, ನಿಮ್ಮ ತಮ್ಮನಿಗೆ ಆದದ್ದನ್ನು ವೋಲ್ಕ್‌ಮನ್ ಕಾಂಟ್ರಾಕ್ಚರ್ ಅನ್ನುತ್ತಾರೆ. ಜರ್ಮನಿಯ ರಿಚರ್ಡ್ ಫಾನ್ ವೋಲ್ಕ್‌ಮನ್ ಎಂಬ ಸರ್ಜನ್ 1881ರಲ್ಲಿ ಇದನ್ನು ವಿವರಿಸಿದ್ದರು, ಬಿಗಿ ಕಟ್ಟಿನ ನಂತರ ಹೀಗಾಗುತ್ತದೆ ಅಂತ. ಒಳಗೆ ಊತ, ಹೊರಗೆ ಬಿಗಿ, ನಡುವೆ ಮಾಂಸಖಂಡಕ್ಕೆ ರಕ್ತ ಹೋಗಲ್ಲ. ಕೆಲವೇ ಗಂಟೆಗಳಲ್ಲಿ ಮಾಂಸಖಂಡ ಸಾಯತೊಡಗುತ್ತದೆ. ಮತ್ತೆ ಬರಲ್ಲ. ಇದು ನಾಟಿ ಕಟ್ಟಿನಿಂದ ಮಾತ್ರ ಅಲ್ಲ, ಆಸ್ಪತ್ರೆಯ ಪೂರ್ತಿ ಸುತ್ತುಗಟ್ಟಿನಿಂದಲೂ ಆಗಬಹುದು. ಅದಕ್ಕೇ ಮೊದಲ ದಿನ ನಾವು ಅರ್ಧ ಕಟ್ಟು ಹಾಕುತ್ತೇವೆ, ಊತಕ್ಕೆ ಜಾಗ ಇರಲಿ ಅಂತ.

ಜಯನಗರದ ಅಮ್ಮ, ನಿಮಗೊಂದು ಆಟ ಹೇಳುತ್ತೇನೆ. ಕಲ್ಲು, ಕಾಗದ, ಕತ್ತರಿ ಮಗಳಿಗೆ ಗೊತ್ತಿರುತ್ತದೆ ಅಲ್ವಾ? ದಿನಕ್ಕೆ ಮೂರು ಸಲ ಆಡಿಸಿ. ಮುಷ್ಟಿ ಕಟ್ಟಿದರೆ ಒಂದು ನರ, ಅಂಗೈ ಬಿಚ್ಚಿದರೆ ಇನ್ನೊಂದು, ಕತ್ತರಿಯಂತೆ ಬೆರಳು ಅಗಲಿಸಿದರೆ ಮೂರನೆಯದು. ಕೊನೆಗೆ ಹೆಬ್ಬೆರಳು ತೋರುಬೆರಳು ಸೇರಿಸಿ ಗುಂಡಗೆ ಸೊನ್ನೆ ಮಾಡಿಸಿ. ಮೊಣಕೈ ಮೇಲಿನ ಮುರಿತದಲ್ಲಿ ಹೆಚ್ಚಾಗಿ ಪೆಟ್ಟು ತಿನ್ನುವುದು ಆ ಸೊನ್ನೆ ಮಾಡಿಸುವ ನರದ ಎಳೆಯೇ. ಸೊನ್ನೆ ಗುಂಡಗೆ ಬಾರದೆ ಚಪ್ಪಟೆ ಆದರೆ ಅವತ್ತೇ ತೋರಿಸಿ.

ಸ್ಕ್ಯಾನ್ ಬಗ್ಗೆ ನನಗೆ ಸ್ವಲ್ಪ ಭಿನ್ನಾಭಿಪ್ರಾಯ ಇದೆ. ಕೊಬ್ಬು ಎದ್ದಿದೆ ಅಂತ ಗೊತ್ತಾದರೆ ನನಗೆ ಅರ್ಧ ಉತ್ತರ ಸಿಕ್ಕಿತು ಅಷ್ಟೆ. ಎಲ್ಲಿ ಮುರಿದಿದೆ, ಎಷ್ಟು ಸರಿದಿದೆ, ಕಂಬಿ ಹಾಕಬೇಕಾ, ಇದಕ್ಕೆಲ್ಲ ಎಕ್ಸ್-ರೇ ಬೇಕೇ ಬೇಕು. ಮುಖ್ಯವಾಗಿ ಮೊಣಕೈಯ ಹೊರಬದಿಯ ಮೂಳೆಯ ಉಬ್ಬು ಮುರಿದರೆ. ಮೊದಲು ಏನೂ ಇಲ್ಲದ ಹಾಗೆ ಇರುತ್ತದೆ, ಒಂದು ವಾರದಲ್ಲಿ ಸರಿದುಬಿಡುತ್ತದೆ. ಗಮನಿಸದೆ ಬಿಟ್ಟರೆ ಕೂಡಿಕೊಳ್ಳಲ್ಲ, ಕೈ ಸೊಟ್ಟ ಬೆಳೆಯುತ್ತದೆ. ಸ್ಕ್ಯಾನ್ ಮಾಡಿದ ಖುಷಿಯಲ್ಲಿ ಯಾರೂ ಎಕ್ಸ್-ರೇ ಬಿಡಬಾರದು.

ರಾತ್ರಿ ಪಾಳಿ

ಸರ್, ಪೂರ್ತಿ ಒಪ್ಪುತ್ತೇನೆ. ಸ್ಕ್ಯಾನ್ ಸರಿಯಿಲ್ಲ ಅಂದರೆ ಎಕ್ಸ್-ರೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ನನ್ನ ವಾದ ಇನ್ನೊಂದು ಕಡೆಯದು. ಸ್ಕ್ಯಾನ್ ಪೂರ್ತಿ ಸರಿ ಇದ್ದಾಗ ಏನು ಮಾಡುವುದು?

2013ರಲ್ಲಿ ಅಮೆರಿಕದ ಎಮರ್ಜೆನ್ಸಿ ಡಾಕ್ಟರುಗಳು 130 ಮಕ್ಕಳು ಮತ್ತು ಹರೆಯದವರ ಮೊಣಕೈಯನ್ನು ಹೀಗೆ ನೋಡಿದರು. ಮುರಿತ ಇದ್ದವರು 43 ಜನ. ಸ್ಕ್ಯಾನ್ ಒಬ್ಬರನ್ನು ಬಿಟ್ಟು ಎಲ್ಲರನ್ನೂ ಹಿಡಿಯಿತು. ಅಂದರೆ ಶೇ. 98. ಆದರೆ ಮುರಿತ ಇಲ್ಲದವರಲ್ಲಿ ಸರಿಯಾಗಿ 'ಇಲ್ಲ' ಅಂದದ್ದು ಶೇ. 70 ಮಾತ್ರ. ಉಳಿದವರಿಗೂ ಕೊಬ್ಬು ಎದ್ದಿತ್ತು, ಮುರಿತ ಸಿಗಲಿಲ್ಲ. ಹಾಗಾಗಿ 'ಇದೆ' ಅಂದಾಗ ಸ್ಕ್ಯಾನ್ ಮಾತನ್ನು ಪೂರ್ತಿ ನಂಬಬೇಡಿ, 'ಇಲ್ಲ' ಅಂದಾಗ ಬಹಳ ಮಟ್ಟಿಗೆ ನಂಬಬಹುದು. ಆ ಗುಂಪಿನಲ್ಲಿ ಸುಮಾರು ಅರ್ಧದಷ್ಟು ಜನಕ್ಕೆ ಎಕ್ಸ್-ರೇ ಬೇಕಾಗುತ್ತಿರಲಿಲ್ಲ, ಒಂದು ಮುರಿತ ತಪ್ಪಿಹೋಗುವ ಬೆಲೆಗೆ. ಆ ಒಂದಕ್ಕಾಗಿಯೇ ನಾನು ಕಳಿಸುವ ಪ್ರತಿ ಮಗುವಿಗೂ ಹೇಳುತ್ತೇನೆ, ಐದು ದಿನದಲ್ಲಿ ಕೈ ಪೂರ್ತಿ ಚಾಚಲು ಬರದಿದ್ದರೆ ವಾಪಸ್ ಬನ್ನಿ ಅಂತ.

ಎಕ್ಸ್-ರೇ ರೂಮ್

ನಾನು ಇಪ್ಪತ್ತು ವರ್ಷದಿಂದ ಎಕ್ಸ್-ರೇ ಟೆಕ್ನಿಷಿಯನ್. ನನ್ನ ಕಡೆಯ ಮಾತನ್ನೂ ಕೇಳಿ.

ಮೊಣಕೈಯ ಸೈಡ್ ಫಿಲಂ ಸರಿಯಾಗಿ ತೆಗೆಯುವುದು ಸುಲಭ ಅಲ್ಲ. ಮೊಣಕೈ 90 ಡಿಗ್ರಿ ಮಡಚಿರಬೇಕು, ಭುಜ, ಮೊಣಕೈ, ಮಣಿಕಟ್ಟು ಮೂರೂ ಮೇಜಿನ ಮಟ್ಟಕ್ಕೇ ಇರಬೇಕು, ಹೆಬ್ಬೆರಳು ಮೇಲಕ್ಕೆ. ಹಾಗೆ ಬಂದರೆ ತೋಳಿನ ಮೂಳೆಯ ತುದಿ 8ರ ಆಕಾರದಲ್ಲಿ ಕಾಣುತ್ತದೆ. ಅದು ಕಂಡರೆ ನನಗೆ ಸಮಾಧಾನ. ಅಳುತ್ತಿರುವ ಐದು ವರ್ಷದ ಮಗು ಭುಜ ಕೆಳಗಿಳಿಸುತ್ತಾ? ಕೈ ಸ್ವಲ್ಪ ತಿರುಗಿದರೂ ಕೊಬ್ಬಿನ ನೆರಳು ಮರೆಯಾಗುತ್ತದೆ. ಮತ್ತೆ ತೆಗೆಯಿರಿ ಅನ್ನುತ್ತಾರೆ, ಮಗುವಿಗೆ ಮತ್ತೆ ನೋವು. ನೋವಿನ ಮದ್ದು ಕೊಡದೆ ನೇರ ನಮ್ಮ ರೂಮಿಗೆ ಕಳಿಸುವವರೂ ಇದ್ದಾರೆ. ಇದು ನನಗೆ ಬಹಳ ಬೇಸರದ ವಿಷಯ. ಮದ್ದು ಕೊಟ್ಟು, ಅದು ಹಿಡಿಯುವ ತನಕ ಕಾದು ಕಳಿಸಿದರೆ ಫಿಲಂ ಕೂಡ ಚೆನ್ನಾಗಿ ಬರುತ್ತದೆ.

ಇನ್ನೊಂದು ಮಾತು. ರೇಡಿಯೇಷನ್ ಹೆದರಿಕೆಯಿಂದ ಸ್ಕ್ಯಾನೇ ಸಾಕು ಅನ್ನುವವರಿಗೆ: ಒಂದು ಮೊಣಕೈ ಎಕ್ಸ್-ರೇಯಿಂದ ಬರುವುದು, ನಾವು ಸುಮ್ನೆ ಮನೆಯಲ್ಲಿ ಕೂತಿದ್ದರೂ ಒಂದು ದಿನದಲ್ಲಿ ಸುತ್ತಲಿನಿಂದ ಬರುವುದಕ್ಕಿಂತ ಕಡಿಮೆ. ಅದಕ್ಕೆ ಹೆದರಿ ಬೇಕಾದ ಎಕ್ಸ್-ರೇ ಬಿಡಬೇಡಿ.

ಪುಟ್ಟಿಯ ಅಜ್ಜಿ

ಡಾಕ್ಟ್ರೇ, ನಮ್ಮ ಮೊಮ್ಮಗಳದ್ದು ಬೇರೆ ಥರ. ಎರಡು ವರ್ಷ. ಮೆಜೆಸ್ಟಿಕ್‌ನಲ್ಲಿ ಬಸ್ ಹತ್ತುವಾಗ ನಾನೇ ಕೈ ಹಿಡಿದು ಮೇಲೆ ಎಳೆದೆ. ಆಮೇಲೆ ಆ ಕೈ ಆಡಿಸಲೇ ಇಲ್ಲ, ಜೋತು ಬಿಟ್ಟುಕೊಂಡಳು. ಡಾಕ್ಟರ್ ಎಕ್ಸ್-ರೇ ತೆಗೆಸಲಿಲ್ಲ, ಸ್ಕ್ಯಾನೂ ಮಾಡಲಿಲ್ಲ. ಅಂಗೈಯನ್ನು ಕೆಳಮುಖವಾಗಿ ತಿರುಗಿಸಿದರು, ಟಕ್ ಅಂತು. ಹತ್ತು ನಿಮಿಷದಲ್ಲಿ ಅದೇ ಕೈಯಿಂದ ಬಿಸ್ಕತ್ ಇಸಕೊಂಡಳು. ಇದು ಸರಿಯಾ, ಎಕ್ಸ್-ರೇ ಬೇಕಿತ್ತಾ?

ರಾತ್ರಿ ಪಾಳಿ

ಸರಿಯಾಗಿಯೇ ಮಾಡಿದ್ದಾರೆ ಅಜ್ಜಿ. ನಿಮ್ಮ ಮೇಲೆ ತಪ್ಪು ಹೊರಿಸಿಕೊಳ್ಳಬೇಡಿ, ಒಂದರಿಂದ ನಾಲ್ಕು ವರ್ಷದ ಮಕ್ಕಳಲ್ಲಿ ಇದು ಬಹಳ ಸಾಮಾನ್ಯ. ಮುಂಗೈಯ ಮೂಳೆಯ ತಲೆಯನ್ನು ಸುತ್ತಿಕೊಂಡ ಪಟ್ಟಿಯೊಂದು ಜಾರಿ ಸಿಕ್ಕಿಕೊಳ್ಳುತ್ತದೆ, ತಿರುಗಿಸಿದರೆ ವಾಪಸ್ ಕೂರುತ್ತದೆ. ಎಳೆದದ್ದು ಖಚಿತ ಇದ್ದು, ಊತ ಇಲ್ಲದಿದ್ದರೆ ಯಾವ ಚಿತ್ರವೂ ಬೇಡ. ಕಷ್ಟ ಆಗುವುದು ಯಾರೂ ನೋಡದೆ ಮಗು ಬಿದ್ದಾಗ. ಎಳೆದದ್ದೋ, ಬಿದ್ದದ್ದೋ ಗೊತ್ತಾಗಲ್ಲ. ಮುರಿದ ಮೊಣಕೈಯನ್ನು ತಿರುಗಿಸುವುದು ಮಗುವಿಗೆ ಹಿಂಸೆ. ಅಂಥ ಕಡೆ ತಿರುಗಿಸುವ ಮೊದಲು ನಾನು ಪ್ರೋಬ್, ಅಂದರೆ ಸ್ಕ್ಯಾನ್ ಮೆಷಿನ್‌ನ ಮೈಮೇಲೆ ಇಡುವ ಹಿಡಿ, ಇಟ್ಟು ನೋಡುತ್ತೇನೆ. ಕೊಬ್ಬು ಎದ್ದಿದ್ದರೆ ಕೈ ಹಾಕಲ್ಲ.

ಆನೇಕಲ್ ಕಡೆಯವನು

ನಾನು ಆನೇಕಲ್ ಕಡೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಡಾಕ್ಟರ್. ನಮ್ಮಲ್ಲಿ ಎಕ್ಸ್-ರೇ ಇಲ್ಲ. ಸಂಜೆ ಒಂದು ಮಗು ಬಿದ್ದು ಬಂದರೆ ಜಯನಗರದ ಸಂಜಯ್ ಗಾಂಧಿ ಆಸ್ಪತ್ರೆಗೋ, ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆಗೋ ಕಳಿಸಬೇಕು. ಹೊಸೂರು ರಸ್ತೆಯ ಸಂಜೆ ಟ್ರಾಫಿಕ್ ನಿಮಗೆಲ್ಲ ಗೊತ್ತು. ತಾಯಿ ಅವತ್ತಿನ ಕೂಲಿ ಬಿಟ್ಟು ಹೋಗಬೇಕು. ಕಳಿಸಿದ ಮಕ್ಕಳಲ್ಲಿ ಎಷ್ಟೋ ಜನಕ್ಕೆ ಏನೂ ಇರಲ್ಲ. ಮೊಬೈಲ್‌ಗೆ ಚುಚ್ಚುವ ಪುಟ್ಟ ಪ್ರೋಬ್ ಬಂದಿದೆಯಲ್ಲ, ಅದೊಂದು ನನ್ನ ಹತ್ತಿರ ಇದ್ದರೆ ಎಷ್ಟು ಅನುಕೂಲ. ತಗೊಳ್ಳಬಹುದಾ?

ರಾತ್ರಿ ಪಾಳಿ

ಸರ್, ಹಾಗೆ ತಂದು ಜೇಬಿನಲ್ಲಿ ಇಟ್ಟುಕೊಳ್ಳುವ ಹಾಗಿಲ್ಲ. ಭ್ರೂಣಲಿಂಗ ಪತ್ತೆ ತಡೆಯಲು 1994ರಲ್ಲಿ ಬಂದ ಕಾಯ್ದೆ ಇದೆಯಲ್ಲ, ಪಿಸಿಪಿಎನ್‌ಡಿಟಿ, ಅದು ಎಲ್ಲ ಅಲ್ಟ್ರಾಸೌಂಡ್ ಯಂತ್ರಗಳಿಗೂ ಅನ್ವಯ. ಮೊಣಕೈ ಮಾತ್ರ ನೋಡುತ್ತೇನೆ ಅಂದರೂ ಬಿಡಲ್ಲ. ಕೇಂದ್ರ ನೋಂದಣಿ ಆಗಿರಬೇಕು, ನೋಂದಣಿ ಇಲ್ಲದವರಿಗೆ ಕಂಪನಿ ಯಂತ್ರ ಮಾರುವಂತೆಯೇ ಇಲ್ಲ. ಒಯ್ಯುವ ಯಂತ್ರವನ್ನು ನೋಂದಾಯಿಸಿದ ಆವರಣದ ಹೊರಗೆ ಬಳಸುವಂತಿಲ್ಲ, ಸಂಚಾರಿ ವೈದ್ಯಕೀಯ ಘಟಕಕ್ಕೆ ಮಾತ್ರ ಬೇರೆ ನಿಯಮ. ಬಳಸುವ ಡಾಕ್ಟರಿಗೂ ಅರ್ಹತೆ ಹೇಳಿದ್ದಾರೆ. ಜಿಲ್ಲೆಯ ಸಕ್ಷಮ ಪ್ರಾಧಿಕಾರದ ಹತ್ತಿರ ಇಲಾಖೆಯ ಮೂಲಕವೇ ಹೋಗಬೇಕು.

ಈ ಕಾಯ್ದೆಯನ್ನು ನಾನು ದೂರುವುದಿಲ್ಲ. ಹುಟ್ಟಬೇಕಾದ ಹೆಣ್ಣುಮಕ್ಕಳನ್ನು ಉಳಿಸಲು ಬಂದದ್ದು, ಇರಲೇಬೇಕು. ಆದರೆ ಹುಟ್ಟಿ, ಓಡಿ, ಬಿದ್ದು ಬಂದ ಹೆಣ್ಣುಮಗುವಿನ ಕೈಯನ್ನೂ ಅದೇ ಯಂತ್ರದಿಂದ ನೋಡಬೇಕಾಗಿದೆ. ಹೊಟ್ಟೆ ಆಳ ನೋಡಲು ಬಳಸುವ ಬಾಗಿದ ಪ್ರೋಬ್ ಬೇರೆ, ಚರ್ಮದ ಕೆಳಗೆ ಮೂರು ನಾಲ್ಕು ಸೆಂಟಿಮೀಟರ್ ಸ್ಪಷ್ಟವಾಗಿ ತೋರಿಸುವ ಚಪ್ಪಟೆ ಪ್ರೋಬ್ ಬೇರೆ. ಚಪ್ಪಟೆಯದು ಮಾತ್ರ ಇರುವ ಯಂತ್ರಕ್ಕೆ ಎಮರ್ಜೆನ್ಸಿಗಳಲ್ಲಿ, ನಿಮ್ಮಂಥ ಕೇಂದ್ರಗಳಲ್ಲಿ, ಸುಲಭದ ದಾರಿ ಮಾಡಿಕೊಡಬೇಕು ಅನ್ನುವುದು ನನ್ನ ಆಸೆ.

ಮೂಳೆ ಡಾಕ್ಟರ್

ಆನೇಕಲ್ ಡಾಕ್ಟರೇ, ಯಂತ್ರ ಬರುವ ತನಕ ನಿಮ್ಮ ಕೈಯಲ್ಲೇ ಒಂದು ಪರೀಕ್ಷೆ ಇದೆ. ಮಗುವಿಗೆ ಎರಡೂ ಕೈ ಮುಂದೆ ಚಾಚಲು ಹೇಳಿ. ಬ್ರಿಟನ್ನಿನಲ್ಲಿ 1,740 ಜನರ ಮೇಲೆ ಇದನ್ನು ಪರೀಕ್ಷಿಸಿ 2008ರಲ್ಲಿ ಪ್ರಕಟಿಸಿದರು. ದೊಡ್ಡವರಲ್ಲಿ ಕೈ ಪೂರ್ತಿ ಚಾಚಲು ಬಂದರೆ ಮುರಿತ ಇರುವುದು ಬಹಳ ಅಪರೂಪ. ಮಕ್ಕಳಲ್ಲಿ ಸ್ವಲ್ಪ ಜಾಸ್ತಿ ತಪ್ಪುತ್ತದೆ, ಆದ್ದರಿಂದ ಮತ್ತೆ ಕರೆಸಿ ನೋಡಬೇಕು. ಚಾಚಲು ಬಾರದಿದ್ದರೆ ಬಲವಂತ ಮಾಡಬೇಡಿ. ಮಡಚಿದ ಹಾಗೆಯೇ ದಪ್ಪ ಪತ್ರಿಕೆ ಮಡಿಸಿ ಆಸರೆ ಕೊಟ್ಟು, ಬಳೆ ಉಂಗುರ ತೆಗೆದು, ಏನೂ ತಿನ್ನಿಸದೆ ಕಳಿಸಿ. ಆಪರೇಷನ್ ಬೇಕಾದರೆ ಹೊಟ್ಟೆ ಖಾಲಿ ಇರಬೇಕು. ಆ ಬಳೆ ವಿಷಯ ದಯವಿಟ್ಟು ಎಲ್ಲ ತಾಯಂದಿರಿಗೂ ಹೇಳಿ. ಊದಿದ ಕೈಯಿಂದ ಮಗುವಿನ ಬಳೆ ಕತ್ತರಿಸುವುದು ನೋಡಲು ಆಗಲ್ಲ.

ಬೈಕ್ ಸವಾರ

ದೊಡ್ಡವರಿಗೂ ಈ ಸ್ಕ್ಯಾನ್ ಮಾಡುತ್ತಾರಾ? ಮೊನ್ನೆ ಮಳೆಯಲ್ಲಿ ಸಿಲ್ಕ್ ಬೋರ್ಡ್ ಹತ್ತಿರ ಸ್ಕಿಡ್ ಆಗಿ ಬಿದ್ದೆ. ಕೈ ಚಾಚಲು ಆಗಲ್ಲ, ಬಾಗಿಲ ಹಿಡಿಕೆ ತಿರುಗಿಸಿದರೆ ಜೀವ ಹೋಗುತ್ತೆ.

ಮೂಳೆ ಡಾಕ್ಟರ್

ಮಾಡಬಹುದು. ಆದರೆ ನೀವು ಹೇಳುವುದು ಮುಂಗೈ ಮೂಳೆಯ ತಲೆ ಬಿರಿದ ಹಾಗಿದೆ, ದೊಡ್ಡವರಲ್ಲಿ ಅದೇ ಹೆಚ್ಚು. ಇಲ್ಲಿ ಬರೆಯುತ್ತಾ ಕೂರಬೇಡಿ, ಇವತ್ತೇ ಹೋಗಿ ಎಕ್ಸ್-ರೇ ತೆಗೆಸಿ.

ಆನೇಕಲ್ ಕಡೆಯವನು

ಒಂದು ಪ್ರಶ್ನೆ ಉಳಿದಿದೆ. ಇದನ್ನು ಕಲಿಯಲು ಎಷ್ಟು ದಿನ ಬೇಕು? ಮಗು ಕೈ ಮುಟ್ಟಲು ಬಿಡದಿದ್ದರೆ?

ರಾತ್ರಿ ಪಾಳಿ

ಗುಳಿ ಗುರುತಿಸುವುದನ್ನು ಒಂದು ಮಧ್ಯಾಹ್ನದಲ್ಲಿ ಕಲಿಯಬಹುದು. ನಂಬಿಕೆ ಬರಲು ಹತ್ತಾರು ಕೈ ನೋಡಬೇಕು. ನಾನು ಮೊದಲ ತಿಂಗಳು ಎಲ್ಲರಿಗೂ ಎಕ್ಸ್-ರೇ ಕೂಡ ತೆಗೆಸಿ ನನ್ನ ಸ್ಕ್ಯಾನ್ ಜೊತೆ ಹೋಲಿಸಿದೆ.

ಮಗುವನ್ನು ತಾಯಿಯ ಮಡಿಲಲ್ಲೇ ಕೂರಿಸುತ್ತೇನೆ. ಮಗು ಕೈಯನ್ನು ಹೊಟ್ಟೆಗೆ ಒತ್ತಿಕೊಂಡಿರುತ್ತದೆ, ಅದೇ ನಮಗೆ ಬೇಕಾದ ಭಂಗಿ. ಮೊಣಕೈ ತಾನಾಗಿಯೇ 90 ಡಿಗ್ರಿ ಮಡಚಿರುತ್ತದೆ. ನಾನು ಹಿಂದೆ ಹೋಗಿ ಸ್ಟೂಲ್ ಮೇಲೆ ಕೂರುತ್ತೇನೆ, ಮಗುವಿಗೆ ಕಾಣಲ್ಲ. ಜೆಲ್ ಬಾಟಲಿಯನ್ನು ಮೊದಲೇ ಬಿಸಿನೀರಿನಲ್ಲಿ ಇಟ್ಟಿರುತ್ತೇನೆ, ತಣ್ಣನೆಯ ಜೆಲ್ ತಗುಲಿದರೆ ಮಗು ಬೆಚ್ಚುತ್ತದೆ. ಜೆಲ್ ದೋಸೆಗೆ ಬೆಣ್ಣೆ ಹಾಕಿದಷ್ಟು ಧಾರಾಳ ಇರಲಿ. ಪ್ರೋಬ್ ಆ ಜೆಲ್ ಮೇಲೆ ತೇಲಬೇಕು, ಚರ್ಮಕ್ಕೆ ಒತ್ತಬಾರದು. ಒತ್ತಿದರೆ ಮಗುವಿಗೂ ನೋವು, ರಕ್ತವೂ ಪಕ್ಕಕ್ಕೆ ಸರಿದು ನಮಗೇ ಮೋಸ. ಒಂದು ಸಲ ಅಡ್ಡಕ್ಕೆ, ಒಂದು ಸಲ ಉದ್ದಕ್ಕೆ. ಚೆನ್ನಾಗಿರುವ ಕೈಯನ್ನು ಮೊದಲು ನೋಡಿ. ಮಗುವಿಗೆ ಇದು ನೋಯಲ್ಲ ಅಂತ ಗೊತ್ತಾಗುತ್ತದೆ, ನಿಮಗೆ ಅದೇ ಮಗುವಿನ ಸರಿಯಾದ ಗುಳಿ ಹೇಗಿದೆ ಅಂತ ಗೊತ್ತಾಗುತ್ತದೆ.

ಆಸ್ಟ್ರೇಲಿಯಾದವರು ಮಣಿಕಟ್ಟಿನ ಕಡೆಯ ಮುಂಗೈ ಪೆಟ್ಟಿಗೆ ಇದೇ ಥರ ಮಾಡಿ 2023ರಲ್ಲಿ ಪ್ರಕಟಿಸಿದ್ದಾರೆ. 5ರಿಂದ 15 ವರ್ಷದ 270 ಮಕ್ಕಳು, ಕೆಲವರಿಗೆ ಮೊದಲು ಸ್ಕ್ಯಾನ್, ಉಳಿದವರಿಗೆ ಎಕ್ಸ್-ರೇ. ನಾಲ್ಕು ವಾರದ ನಂತರ ಕೈ ಬಳಕೆಯಲ್ಲಿ ಸ್ಕ್ಯಾನ್ ಗುಂಪು ಹಿಂದೆ ಬೀಳಲಿಲ್ಲ. ಆದರೆ ಅದು ಮಣಿಕಟ್ಟು. ಮೊಣಕೈ ಅಷ್ಟು ಕ್ಷಮಿಸುವ ಕೀಲಲ್ಲ, ಅದನ್ನು ಇದಕ್ಕೆ ಹಾಗೇ ಅನ್ವಯಿಸಬೇಡಿ.

ಜಯನಗರದ ಅಮ್ಮ

ಎರಡು ವಾರ ಆಯಿತು, ಹೇಳದೆ ಇರಲಾರೆ. ಇವತ್ತು ಮತ್ತೆ ಎಕ್ಸ್-ರೇ ತೆಗೆಸಿದೆವು. ತೋಳಿನ ಮೂಳೆಯ ಕೆಳಗೆ, ಅಂಚಿನುದ್ದಕ್ಕೂ, ಪೆನ್ಸಿಲ್‌ನಲ್ಲಿ ಎಳೆದ ಹಾಗೆ ತೆಳ್ಳಗೆ ಒಂದು ಬಿಳಿ ಗೆರೆ. ಹೊಸ ಮೂಳೆ ಬರುತ್ತಿದೆ, ಅಂದರೆ ಅಲ್ಲಿ ಬಿರುಕು ಇತ್ತು ಅಂತ ಡಾಕ್ಟರ್ ತೋರಿಸಿದರು. ಮಾವ ಫಿಲಂ ಇಸಕೊಂಡು ಕಿಟಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಇನ್ನೊಂದು ವಾರ ಕಟ್ಟು ಇರಲಿ ಅಂದಿದ್ದಾರೆ.

ಕಲ್ಲು, ಕಾಗದ, ಕತ್ತರಿ, ಸೊನ್ನೆ ದಿನವೂ ಆಡಿದೆವು. ಕತ್ರಿಗುಪ್ಪೆ ಮಾಮ, ನಿಮ್ಮ ತಮ್ಮನ ವಿಷಯವನ್ನು ಪಕ್ಕದ ಮನೆಯವರಿಗೆ ಓದಿ ಹೇಳಿದೆ. ಅವರು ಎಣ್ಣೆ ಬಾಟಲಿ ವಾಪಸ್ ತಗೊಂಡು ಹೋದರು, ಸಂಜೆ ಮಗಳಿಗೆ ರವೆ ಉಂಡೆ ಕಳಿಸಿದ್ದರು.